ಕೊಯ್ಲಿನ ಸುಖವೂ ಅದರ ಋಣವೂ

ಒಂದೇ ಕೆಲಸವು ಒಬ್ಬನಿಗೆ ಹೊಟ್ಟೆಪಾಡಾಗಿಯೂ ಮತ್ತೊಬ್ಬನಿಗೆ ವಿನೋದವಾಗಿಯೂ ಇರುವುದುಂಟು. ಬೆಸ್ತನು ಬಲೆಯನ್ನು ಹೊತ್ತು ಹೇಮಾವತಿಗೆ ಇಳಿಯುತ್ತಾನೆ. ಪಟ್ಟಣದ ಗೃಹಸ್ಥನು ರಜೆಯ ದಿನದಲ್ಲಿ ಗಾಳವನ್ನು ಹಿಡಿದು ಅದೇ ಹೊಳೆಯ ದಡದಲ್ಲಿ ಕುಳಿತುಕೊಳ್ಳುತ್ತಾನೆ. ಮೀನಿನ ಪಾಲಿಗೆ ಇಬ್ಬರೂ ಒಂದೇ. ಆದರೆ ಮೀನು ಸಿಕ್ಕದೆ ಹೋದ ದಿನ ಒಬ್ಬನ ಮನೆಯಲ್ಲಿ ಒಲೆಯುರಿಯುವುದು ಕಷ್ಟ. ಇನ್ನೊಬ್ಬನು ನಗುತ್ತ ಮನೆಗೆ ಹಿಂದಿರುಗುವನು. ಈ ಅಂತರವನ್ನು ಕಂಡವರಿಗೆ ಒಂದು ಪ್ರಶ್ನೆಯು ಹುಟ್ಟದೆ ಇರದು. ಒಬ್ಬರ ಕಷ್ಟವೇ ಇನ್ನೊಬ್ಬರ ಆಟವಾದಾಗ ಆ ಆಟದ ಸುಖವು ನಿರ್ದೋಷವಾದುದೆ? ಅಥವಾ ಸುಖಪಡತಕ್ಕವನು ತೀರಿಸಬೇಕಾದ ಋಣವೊಂದು ಅದರಲ್ಲಿ ಅಡಗಿದೆಯೆ?

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಹುಲ್ಲು ಪೈರುಗಳ ಕೊಯ್ಲು ಒಳ್ಳೆಯ ನಿದರ್ಶನವಾಗಿದೆ. ಇಂಗ್ಲೆಂಡು, ಅಮೆರಿಕಾ ಮೊದಲಾದ ದೇಶಗಳಲ್ಲಿ ಹಳೆಯ ಟ್ರಾಕ್ಟರುಗಳನ್ನು ಮನೆಯ ಹಿರಿಯರಂತೆ ಜೋಪಾನಮಾಡಿ, ಅವುಗಳಿಗೆ ಅಲಗುಪಟ್ಟಿಯ ಕೊಯ್ಲುಯಂತ್ರವನ್ನು ಜೋಡಿಸಿ, ಬೇಸಗೆಯಲ್ಲಿ ಹುಲ್ಲುಗಾವಲನ್ನು ಕೊಯ್ಯುತ್ತ ದಿನವನ್ನು ಕಳೆಯುವುದನ್ನೇ ಹಬ್ಬವೆಂದು ಎಣಿಸುವ ಜನರಿದ್ದಾರೆ. ಅವರಲ್ಲಿ ಹಲವರಿಗೆ ಆ ಹುಲ್ಲಿನಿಂದ ಬರುವ ಲಾಭವು ಅಲ್ಪ. ಕೆಲವರಿಗೆ ಲಾಭದ ಯೋಚನೆಯೇ ಇಲ್ಲ. ಕನ್ನಡ ನಾಡಿನಲ್ಲಿ ಹೀಗೆ ಕೇವಲ ವಿನೋದಕ್ಕಾಗಿ ಹಳೆಯ ಯಂತ್ರವನ್ನು ಇರಿಸಿಕೊಂಡವರು ವಿರಳ. ಆದರೂ ಆ ಸುಖವು ಇಲ್ಲಿ ಅಪರಿಚಿತವಲ್ಲ. ದುಡಿಮೆಯ ಮರೆಯಲ್ಲಿ, ಬಾಯಿಬಿಟ್ಟು ಹೇಳಿಕೊಳ್ಳದ ಸುಖವಾಗಿ, ಅದು ಇಲ್ಲಿಯೂ ಉಂಟು.

ಹಾಸನದ ನೆರೆಯ ಬೂವನಹಳ್ಳಿಯ ಸೀಮೆಯನ್ನೇ ನೋಡಬಹುದು. ಇಲ್ಲಿಯದು ಕೆಂಪು ನೆಲ. ರಾಗಿ, ಮುಸುಕಿನ ಜೋಳ, ಆಲೂಗೆಡ್ಡೆ ಇಲ್ಲಿಯ ಬೆಳೆಗಳು. ಹೊಳೆನರಸೀಪುರದ ಕಡೆಗೆ ನಡೆದರೆ ನಾಲೆಯ ನೀರಿನ ಬತ್ತದ ಗದ್ದೆಗಳು, ಚನ್ನರಾಯಪಟ್ಟಣದ ಕಡೆಗೆ ತೆಂಗಿನ ತೋಟಗಳು, ಅರಕಲಗೂಡಿನ ಕಡೆಗೆ ಹೊಗೆಸೊಪ್ಪಿನ ಹೊಲಗಳು. ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯ ತೆನೆಯು ಕಂದುಬಣ್ಣಕ್ಕೆ ತಿರುಗಿದಾಗ ಕುಡುಗೋಲು ಹೊಲಕ್ಕೆ ಇಳಿಯುವುದು. ಹೆಂಗಸರೂ ಗಂಡಸರೂ ಸಾಲಾಗಿ ಬಗ್ಗಿ, ಎಡಗೈಯಿಂದ ಬುಡವನ್ನು ಹಿಡಿದು, ಬಲಗೈಯಿಂದ ಎಳೆದು ಕೊಯ್ದು, ಅರಿಹಾಕುತ್ತ ಮುಂದುವರಿಯುವರು. ಅರಿಯು ಒಣಗಿದಮೇಲೆ ಕಂತೆ ಕಟ್ಟುವುದು, ಮೆದೆ ಒಟ್ಟುವುದು, ಕಣ ಮಾಡಿ ಗುಂಡು ಹೊಡೆದು ಒಕ್ಕುವುದು, ಗಾಳಿಗೆ ತೂರುವುದು, ಕೊನೆಗೆ ರಾಶಿಗೆ ಪೂಜೆ ಮಾಡುವುದು. ಕಾಳು ಮನುಷ್ಯನಿಗೆ, ಹುಲ್ಲು ದನಕ್ಕೆ. ಹಳ್ಳಿಕಾರ್ ಎತ್ತುಗಳ ತವರಾದ ಈ ಪ್ರಾಂತದಲ್ಲಿ ರಾಗಿಯ ಹುಲ್ಲಿಗಿರುವ ಬೆಲೆಯನ್ನು ಹೇಳಬೇಕಾಗಿಲ್ಲ. ಬತ್ತದ ಹುಲ್ಲಿಗಿಂತ ಅದು ಪುಷ್ಟಿಕರವಾದುದು. ಆದುದರಿಂದಲೇ ಇಲ್ಲಿಯ ರೈತನು ನೆಲಕ್ಕೆ ಆದಷ್ಟು ಹತ್ತಿರವಾಗಿ ಕೊಯ್ಯುತ್ತಾನೆ. ಒಂದು ಗೇಣು ಕೂಳೆಯನ್ನು ಬಿಟ್ಟರೆ ಒಂದು ಗೇಣು ಮೇವನ್ನು ಕಳೆದುಕೊಂಡಂತೆಯೇ ಸರಿ.

ಇಂತಹ ಹೊಲಗಳಿಗೆ ಟ್ರಾಕ್ಟರು ವಿಶೇಷವಾಗಿ ಬಂದುದು ಸ್ವಾತಂತ್ರ್ಯಾನಂತರದ ಕಾಲದಲ್ಲಿ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಫರ್ಗ್ಯೂಸನ್ ಎಂಬ ಬೂದುಬಣ್ಣದ ಚಿಕ್ಕ ಟ್ರಾಕ್ಟರು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಎಡ್ಮಂಡ್ ಹಿಲರಿಯು 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದುದು ಇದೇ ಜಾತಿಯ ಟ್ರಾಕ್ಟರುಗಳ ಮೇಲೆ. ಅದೇ ವಂಶದ ಮ್ಯಾಸಿ ಫರ್ಗ್ಯೂಸನ್ ಯಂತ್ರಗಳನ್ನು 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯು ಭಾರತದಲ್ಲಿ ತಯಾರಿಸತೊಡಗಿತು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿ ಕೈಗಡಿಯಾರಗಳಿಂದ ಮನೆಮಾತಾದ ಹೆಚ್.ಎಂ.ಟಿ. ಸಂಸ್ಥೆಯು ಜೆಕೊಸ್ಲೊವಾಕಿಯದ ಜೀಟರ್ ಕಂಪೆನಿಯ ಸಹಯೋಗದಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರುಗಳನ್ನು ಮಾಡಲಾರಂಭಿಸಿತು. ಆ ವಿಭಾಗವನ್ನು ಮುಚ್ಚುವ ತೀರ್ಮಾನವು 2016ರಲ್ಲಿ ಆಯಿತು. ಕಾರ್ಖಾನೆಯು ನಿಂತರೂ ಅದರ ಮಕ್ಕಳು ನಿಂತಿಲ್ಲ. ಬಣ್ಣ ಮಾಸಿ, ಬಾನೆಟ್ಟು ನೆಗ್ಗಿ, ಎರಡು ಮೂರು ಕೈ ದಾಟಿದ ಇಂತಹ ಹಳೆಯ ಯಂತ್ರಗಳು ಹಳ್ಳಿಗಳಲ್ಲಿ ಇಂದಿಗೂ ಉಳುತ್ತಿವೆ, ಹೇರುತ್ತಿವೆ, ನೀರೆತ್ತುತ್ತಿವೆ.

ಟ್ರಾಕ್ಟರಿಗಿಂತ ಅಲಗುಪಟ್ಟಿಯು ಹಿರಿಯದು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ ಎಂಬ ಧರ್ಮಶಾಸ್ತ್ರದ ವಿದ್ಯಾರ್ಥಿಯು 1828ರ ಸುಮಾರಿಗೆ ಕತ್ತರಿಗಳ ಸಾಲಿನಿಂದ ಪೈರನ್ನು ಕೊಯ್ಯುವ ಯಂತ್ರವೊಂದನ್ನು ನಡೆಯಿಸಿ ತೋರಿಸಿದನು. ಅಮೆರಿಕೆಯಲ್ಲಿ ಒಬೆಡ್ ಹಸ್ಸಿ 1833ರಲ್ಲಿಯೂ ಸೈರಸ್ ಮೆಕಾರ್ಮಿಕ್ 1834ರಲ್ಲಿಯೂ ತಮ್ಮ ತಮ್ಮ ಯಂತ್ರಗಳಿಗೆ ಸರ್ಕಾರದ ಸನ್ನದನ್ನು ಪಡೆದರು. ಯಂತ್ರದ ತತ್ತ್ವವು ಸರಳವಾದುದು. ಉದ್ದವಾದ ಒಂದು ಪಟ್ಟಿಗೆ ತ್ರಿಕೋಣಾಕಾರದ ಅಲಗುಗಳನ್ನು ಸಾಲಾಗಿ ಬಡಿದಿರುವರು. ಅದರ ಕೆಳಗೆ ಬೆರಳುಗಳಂತೆ ಮುಂಚಾಚಿದ ಕಬ್ಬಿಣದ ಹಲ್ಲುಗಳುಂಟು. ಪಟ್ಟಿಯು ಆಚೆಗೂ ಈಚೆಗೂ ವೇಗವಾಗಿ ಸರಿದಾಡುವಾಗ ಬೆರಳುಗಳ ನಡುವೆ ನುಗ್ಗಿದ ಹುಲ್ಲು ಕತ್ತರಿಯ ಬಾಯಿಗೆ ಸಿಕ್ಕಿದ ಬಟ್ಟೆಯಂತೆ ಕತ್ತರಿಸಿಹೋಗುವುದು. ಕುದುರೆ ಎಳೆಯುತ್ತಿದ್ದ ಕಾಲದಲ್ಲಿ ನೆಲದ ಮೇಲೆ ಉರುಳುವ ಚಕ್ರವೇ ಈ ಪಟ್ಟಿಯನ್ನು ಆಡಿಸುತ್ತಿತ್ತು. ಟ್ರಾಕ್ಟರು ಬಂದಮೇಲೆ ಅದರ ಹಿಂಬದಿಯಲ್ಲಿ ತಿರುಗುವ ದಂಡವು, ರೈತರ ಬಾಯಿಯಲ್ಲಿ ಪಿ.ಟಿ.ಓ. ಎನಿಸಿಕೊಳ್ಳುವ ಅದು, ಮಿನಿಟಿಗೆ 540 ಸುತ್ತಿನಂತೆ ತಿರುಗಿ ಈ ಕೆಲಸವನ್ನು ಮಾಡತೊಡಗಿತು. ಇಂದು ಬತ್ತದ ಗದ್ದೆಗೆ ಇಳಿಯುವ ದೊಡ್ಡ ಕೊಯ್ಲುಯಂತ್ರದ ಬಾಯಿಯಲ್ಲಿಯೂ, ಒಬ್ಬನೇ ತಳ್ಳಿಕೊಂಡು ನಡೆಯುವ ಚಿಕ್ಕ ಯಂತ್ರದ ಮುಂಗಡೆಯಲ್ಲಿಯೂ ಇರುವುದು ಇದೇ ಅಲಗುಪಟ್ಟಿ. ಕುಡುಗೋಲು ಮಾಯವಾಗಲಿಲ್ಲ, ಒಂದು ಇದ್ದುದು ಹಲವಾಗಿ, ಕೈಯಿಂದ ಜಾರಿ ಕಬ್ಬಿಣಕ್ಕೆ ಅಂಟಿಕೊಂಡಿತು.

ಹಳೆಯ ಟ್ರಾಕ್ಟರಿನ ಮೇಲೆ ಕುಳಿತು ಇಂತಹ ಪಟ್ಟಿಯಿಂದ ಹುಲ್ಲು ಕೊಯ್ಯುವವನಿಗೆ ಆಗುವ ಸುಖವಾದರೂ ಎಂತಹುದು? ಮೊದಲನೆಯದಾಗಿ, ಮಾಡಿದ ಕೆಲಸವು ಕಣ್ಣಿಗೆ ಕಾಣಿಸುತ್ತದೆ. ಎದುರಿಗೆ ನಿಂತ ಹುಲ್ಲು, ಹಿಂದೆ ಮಲಗಿದ ಹುಲ್ಲು, ಇವೆರಡರ ನಡುವಣ ಗೆರೆಯೇ ಅವನ ಶ್ರಮದ ಲೆಕ್ಕ. ಕಾಗದಗಳನ್ನು ಈ ಕೋಣೆಯಿಂದ ಆ ಕೋಣೆಗೆ ಸಾಗಿಸಿ ಆಯುಷ್ಯವನ್ನು ಕಳೆಯುವ ಕಚೇರಿಯ ನೌಕರನಿಗೆ ಈ ಭಾಗ್ಯವಿಲ್ಲ. ಎರಡನೆಯದಾಗಿ, ಯಂತ್ರವು ಮೆಲ್ಲನೆ ನಡೆಯುವಂತಹುದು. ಆರು ಅಡಿಯ ಪಟ್ಟಿಯು ಗಂಟೆಗೆ ಮೂರು ಮೈಲಿಯಂತೆ ನಡೆದರೆ ಲೆಕ್ಕದ ಮೇಲೆ ಗಂಟೆಗೆ ಎರಡು ಎಕರೆಗೆ ಸಮೀಪವಾಗುವುದು. ತಿರುವುಗಳನ್ನೂ ತಡೆಗಳನ್ನೂ ಕಳೆದರೆ ಇನ್ನೂ ಕಡಮೆ. ಈ ನಡಿಗೆಯಲ್ಲಿ ಮನಸ್ಸಿಗೆ ಕೆಲಸವೂ ಇದೆ, ಬಿಡುವೂ ಇದೆ. ಮೂರನೆಯದಾಗಿ, ಹಳೆಯ ಯಂತ್ರವು ತನ್ನ ಗುಟ್ಟನ್ನು ಮುಚ್ಚಿಡುವುದಿಲ್ಲ. ಅಲಗು ಮೊಂಡಾದರೆ ಶಬ್ದವು ಬದಲಾಗುವುದು. ಕಲ್ಲು ಸಿಕ್ಕಿದರೆ ಪಟ್ಟಿಯು ನಡುಗುವುದು. ಎಣ್ಣೆ ಆರಿದರೆ ವಾಸನೆಯೇ ಹೇಳುವುದು. ವೇಗವಾಗಿ ಸುತ್ತಿ ಹುಲ್ಲನ್ನು ಬಡಿದು ಹರಿಯುವ ಹೊಸ ಯಂತ್ರಗಳಂತಲ್ಲದೆ ಇದು ಒಂದೇ ಸಲಕ್ಕೆ ಕತ್ತರಿಸಿ ಮಲಗಿಸುವುದರಿಂದ ಹುಲ್ಲಿನಲ್ಲಿ ವಾಸಮಾಡುವ ಕೀಟಗಳಿಗೂ ಸಣ್ಣ ಪ್ರಾಣಿಗಳಿಗೂ ಆಗುವ ಹಾನಿಯು ಕಡಮೆ. ಹೀಗೆ ಕಣ್ಣು, ಕಿವಿ, ಕೈ, ಮನಸ್ಸು ಎಲ್ಲವೂ ಒಂದೇ ಕಡೆಗೆ ಸೇರಿದಾಗ ಹುಟ್ಟುವ ನೆಮ್ಮದಿಯೇ ಈ ಸುಖವೆಂದು ಹೇಳಬಹುದು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಏಳುವುದು. ಕೈಗೆಲಸವನ್ನು ಕೊಂಡಾಡುವ ಹಿರಿಯರು ಹೀಗೆ ಕೇಳಬಹುದು: ಸುಖವಿದ್ದುದು ಕುಡುಗೋಲಿನಲ್ಲಿ, ಹತ್ತು ಮಂದಿ ಸಾಲಾಗಿ ಹಾಡುತ್ತ ಕೊಯ್ಯುವುದರಲ್ಲಿ, ಹೊಗೆಯುಗುಳುವ ಯಂತ್ರದ ಮೇಲೆ ಒಂಟಿಯಾಗಿ ಕುಳಿತವನಿಗೆ ಏನು ಸುಖ? ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ರಷ್ಯಾದೇಶದ ಟಾಲ್‌ಸ್ಟಾಯ್ ಮಹಾಶಯನು 1878ರಲ್ಲಿ ಪುಸ್ತಕರೂಪವಾಗಿ ಪ್ರಕಟವಾದ ‘ಆನಾ ಕರೆನಿನಾ’ ಕಾದಂಬರಿಯಲ್ಲಿ ಲೆವಿನ್ ಎಂಬ ಜಮೀನುದಾರನು ತನ್ನ ರೈತರ ಸಾಲಿನಲ್ಲಿ ಸೇರಿ, ನಿಂತು ಬೀಸುವ ಉದ್ದ ಹಿಡಿಯ ಕುಡುಗೋಲಿನಿಂದ ಇಡೀ ದಿನ ಹುಲ್ಲು ಕೊಯ್ದು, ತನ್ನನ್ನೇ ಮರೆತು ಆನಂದಪಡುವುದನ್ನು ಬಣ್ಣಿಸಿದ್ದಾನೆ. ಕೊಯ್ಲಿನ ಸುಖವನ್ನು ಇಷ್ಟು ನಿಜವಾಗಿ ಕಂಡವರು ಕಡಮೆ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಮಾರನೆಯ ದಿನ ಕೊಯ್ಯಲೋ ಬೇಡವೋ ಎಂದು ಲೆವಿನ್ನನು ತಾನೇ ನಿಶ್ಚಯಿಸಬಹುದಾಗಿತ್ತು. ಅವನ ಪಕ್ಕದಲ್ಲಿ ಕೊಯ್ದ ರೈತನಿಗೆ ಆ ಆಯ್ಕೆಯಿರಲಿಲ್ಲ. ಬೂವನಹಳ್ಳಿಯ ರಾಗಿಯ ಹೊಲದಲ್ಲಿ ಮೂರು ದಿನ ಬಗ್ಗಿ ಕೊಯ್ದ ಕೂಲಿಯ ಹೆಂಗಸು ರಾತ್ರಿ ಸೊಂಟಕ್ಕೆ ಬಿಸಿನೀರು ಹುಯ್ದುಕೊಳ್ಳುವುದನ್ನು ನೋಡಿದವರು ಕುಡುಗೋಲಿನ ಸುಖವನ್ನು ಸ್ವಲ್ಪ ಮೆಲ್ಲನೆ ವರ್ಣಿಸುವರು. ಹಾಡು ಇದ್ದುದು ನಿಜ. ಆದರೆ ನೋವನ್ನು ಮರೆಯುವುದಕ್ಕಾಗಿ ಹಾಡಿದವರೂ ಅದರಲ್ಲಿ ಇದ್ದರು.

ಆದುದರಿಂದ ಸುಖವು ಕುಡುಗೋಲಿನಲ್ಲಿಯೋ ಯಂತ್ರದಲ್ಲಿಯೋ ಎಂಬುದು ಮುಖ್ಯವಾದ ಪ್ರಶ್ನೆಯಲ್ಲ. ಎರಡರಲ್ಲಿಯೂ ಸುಖವುಂಟು, ಎರಡರಲ್ಲಿಯೂ ದುಃಖವುಂಟು. ಮುಖ್ಯವಾದುದು ಬಿಡುವ ಸ್ವಾತಂತ್ರ್ಯ. ಸಾಕಾದಾಗ ಬಿಡಬಹುದಾದ ಕೆಲಸವು ಆಟವಾಗುತ್ತದೆ. ಸಾಕಾದರೂ ಬಿಡಲಾಗದ ಕೆಲಸವು ದುಡಿಮೆಯಾಗುತ್ತದೆ. ವೇದಾಂತಿಗಳು ಈಶ್ವರನ ಸೃಷ್ಟಿಯನ್ನು ಲೀಲೆಯೆಂದು ಹೇಳುವುದು ಈ ಅರ್ಥದಲ್ಲಿಯೇ ಅಲ್ಲವೆ? ಪೂರ್ಣನಾದವನಿಗೆ ಯಾವ ಕೊರತೆಯೂ ಇಲ್ಲ. ಕೊರತೆಯಿಲ್ಲದವನು ಮಾಡುವ ಕೆಲಸಕ್ಕೆ ಪ್ರಯೋಜನವನ್ನು ಹುಡುಕಬೇಕಾಗಿಲ್ಲ. ವಿನೋದಕ್ಕಾಗಿ ಹುಲ್ಲು ಕೊಯ್ಯುವವನು ಒಂದು ದಿನದ ಮಟ್ಟಿಗೆ ಈ ಲೀಲೆಯ ಛಾಯೆಯನ್ನು ಅನುಭವಿಸುತ್ತಾನೆ. ಆದರೆ ಮನುಷ್ಯನ ಪೂರ್ಣತೆಯು ಸ್ವಯಂಸಿದ್ಧವಾದುದಲ್ಲ. ಅವನ ಊಟವನ್ನು ಯಾರೋ ಬೆಳೆದಿದ್ದಾರೆ. ಅವನ ಯಂತ್ರದ ಕಬ್ಬಿಣವನ್ನು ಯಾರೋ ಅಗೆದಿದ್ದಾರೆ. ಅವನಿಗೆ ಒದಗಿದ ಬಿಡುವಿನ ವೇಳೆಯನ್ನು ಯಾರೋ ತಮ್ಮ ಬಿಡುವಿಲ್ಲದ ದುಡಿಮೆಯಿಂದ ಗಳಿಸಿಕೊಟ್ಟಿದ್ದಾರೆ. ದೇವರ ಲೀಲೆಗೆ ಸಾಲಗಾರರಿಲ್ಲ. ಮನುಷ್ಯನ ಲೀಲೆಯು ಮಾತ್ರ ಎಂದೂ ಸಾಲದ ಮೇಲೆಯೇ ನಿಂತಿರುವುದು.

ಹಾಗಾದರೆ ಕರ್ತವ್ಯವೊಂದೇ ಸಾಕು, ಸುಖವನ್ನು ಗಣನೆಗೆ ತರಲೇಬಾರದು ಎಂದು ಎರಡನೆಯ ಪೂರ್ವಪಕ್ಷದವರು ಹೇಳಿಯಾರು. ಫಲದ ಆಸೆಯನ್ನು ತೊರೆದು ಕರ್ಮವನ್ನು ಮಾಡಬೇಕೆಂಬ ಗೀತೆಯ ಉಪದೇಶವನ್ನು ಅವರು ಆಧಾರವಾಗಿ ಹಿಡಿಯುವರು. ಆದರೆ ಫಲದ ಆಸೆಯನ್ನು ಬಿಡಬೇಕೆಂದರೆ ಕೆಲಸದಲ್ಲಿ ರುಚಿಯನ್ನೂ ಬಿಡಬೇಕೆಂದು ಅರ್ಥವಲ್ಲ. ಫಲದ ಕಡೆಗೆ ಓಡುವ ಮನಸ್ಸನ್ನು ಹಿಂದಕ್ಕೆ ತಂದರೆ ಅದು ಕೆಲಸದಲ್ಲಿಯೇ ನೆಲಸುವುದು, ನೆಲಸಿದಲ್ಲಿ ರುಚಿಯು ತಾನಾಗಿ ಹುಟ್ಟುವುದು. ಇದಕ್ಕೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಒಂದು ಸೊಗಸಾದ ದೃಷ್ಟಾಂತವಿದೆ. ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಅದರಿಂದ ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮ ದಾಸೋಹವನ್ನು ನಡಸುತ್ತಿದ್ದನು. ಒಂದು ದಿನ ಹುಲ್ಲು ಕೊಯ್ಯುತ್ತಿರುವಾಗ ಕೊರಳ ಇಷ್ಟಲಿಂಗವು ಜಾರಿ ಬಿದ್ದರೂ ಆತನು ಅದನ್ನು ಲಕ್ಷಿಸದೆ ಹೊರೆಯನ್ನು ಹೊತ್ತು ನಡೆದನೆಂದೂ, ಲಿಂಗವೇ ಆತನನ್ನು ಹಿಂಬಾಲಿಸಿತೆಂದೂ, ಮಡಿವಾಳ ಮಾಚಿದೇವನು ನಡುವೆ ಬಂದಮೇಲೆ ಚಂದಯ್ಯನು ಲಿಂಗಕ್ಕೂ ಕಾಯಕವನ್ನು ವಿಧಿಸಿದನೆಂದೂ ಶರಣಸಾಹಿತ್ಯದಲ್ಲಿ ಬರುವ ಕಥೆ. ಭಕ್ತರಿಗೆ ಈ ಕಥೆಯ ಅರ್ಥವು ಬೇರೆಯಾಗಿರಬಹುದು. ನೀತಿವಿಚಾರಕ್ಕೆ ಬೇಕಾದ ಅರ್ಥವು ಇಷ್ಟು: ಕೆಲಸದಲ್ಲಿ ಮುಳುಗಿದವನಿಗೆ ಬೇರೊಂದು ಪೂಜೆಯು ಬೇಕಾಗಲಿಲ್ಲ, ಆದರೆ ಆ ಮುಳುಗುವಿಕೆಯ ಫಲವು ಅವನ ಸುಖದಲ್ಲಿಯೇ ನಿಲ್ಲದೆ ಇನ್ನೊಬ್ಬರ ಎಲೆಯ ಮೇಲಣ ಅನ್ನವಾಗಿ ಕೊನೆಗೊಂಡಿತು. ಚಂದಯ್ಯನ ಹುಲ್ಲುಕೊಯ್ಲಿಗೂ ವಿನೋದಿಯ ಹುಲ್ಲುಕೊಯ್ಲಿಗೂ ಇರುವ ಭೇದವು ಇದೇ. ಇಬ್ಬರೂ ಮೈಮರೆತವರು. ಒಬ್ಬನ ಕೊಯ್ಲಿಗೆ ಉಣ್ಣುವವರಿದ್ದರು. ಇನ್ನೊಬ್ಬನ ಕೊಯ್ಲಿಗೆ ಇರಬಹುದು, ಇಲ್ಲದಿರಬಹುದು.

ಯಂತ್ರದ ಲಾಭವು ಯಾರಿಗೆ ಸೇರಬೇಕೆಂಬ ವಿಚಾರವೂ ಇದರೊಡನೆ ಹೆಣೆದುಕೊಂಡಿದೆ. ಮೇಲೆ ಹೇಳಿದ ಪ್ಯಾಟ್ರಿಕ್ ಬೆಲ್ಲನು ತನ್ನ ಯಂತ್ರಕ್ಕೆ ಸನ್ನದನ್ನೇ ತೆಗೆದುಕೊಳ್ಳಲಿಲ್ಲ. ಅದು ಎಲ್ಲರಿಗೂ ದಕ್ಕಲೆಂದು ಬಿಟ್ಟು, ತಾನು ಪಾದ್ರಿಯಾಗಿ ಬಾಳಿದನು. ಗಾಂಧೀಜಿಯವರು 1924ರಲ್ಲಿ ತಮ್ಮ ವಿರೋಧವು ಯಂತ್ರಕ್ಕಲ್ಲ, ಯಂತ್ರದ ಹುಚ್ಚಿಗೆ ಎಂದು ತಿಳಿಸಿ, ಹೊಲಿಗೆಯ ಯಂತ್ರವನ್ನು ಒಪ್ಪತಕ್ಕ ಯಂತ್ರಗಳಿಗೆ ಉದಾಹರಣೆಯಾಗಿ ಕೊಟ್ಟರು. ಒಬ್ಬ ವ್ಯಕ್ತಿಯ ಬೇಸರವನ್ನು ನೀಗಬೇಕೆಂಬ ಪ್ರೀತಿಯು ಅದರ ಹಿಂದೆ ಇದ್ದಿತೆಂಬುದು ಅವರ ಅಭಿಪ್ರಾಯ. ಈ ಅಳತೆಗೋಲನ್ನು ಕೊಯ್ಲಿಗೆ ಹಿಡಿದರೆ ಏನು ಕಾಣುವುದು? ಹಿಂದೆ ಈ ಸೀಮೆಯಲ್ಲಿ ಮುಯ್ಯಾಳಿನ ಪದ್ಧತಿಯಿದ್ದಿತು. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ. ದುಡಿಮೆಗೆ ದುಡಿಮೆಯೇ ಸಲುವಳಿ. ಯಂತ್ರವು ಬಂದಮೇಲೆ ಮುಯ್ಯಿಯು ಬಾಡಿಗೆಯಾಯಿತು. ಬಾಡಿಗೆಯು ತಪ್ಪಲ್ಲ, ಯಂತ್ರವನ್ನು ಕೊಳ್ಳಲಾರದ ಎರಡು ಮೂರು ಎಕರೆಯ ರೈತನಿಗಾಗಿಯೇ ಕರ್ನಾಟಕ ಸರ್ಕಾರವು 2014ರಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳ ಯೋಜನೆಯನ್ನು ಆರಂಭಿಸಿತು. ಆದರೆ ಕೊಯ್ಲಿನ ಕೂಲಿಯನ್ನೇ ನಂಬಿದ್ದ ಮನೆಯ ಪಾಲೇನು? ಬಗ್ಗುವ ಕಷ್ಟವು ತಪ್ಪಿತೆಂದು ಆ ಹೆಂಗಸಿಗೆ ಹೇಳುವವರು ಕೂಲಿಯೂ ತಪ್ಪಿತೆಂಬುದನ್ನು ಸೇರಿಸಿ ಹೇಳಬೇಕು. ಸೊಂಟದ ನೋವನ್ನು ಕಳೆದ ಯಂತ್ರವು ಒಲೆಯ ಬೆಂಕಿಯನ್ನೂ ಕಳೆದರೆ ಅದರ ಉಪಕಾರವು ಅರ್ಧ ಮಾತ್ರ. ಉಳಿದ ಅರ್ಧವನ್ನು ಪೂರೈಸುವ ಭಾರವು ಯಂತ್ರದ ಮೇಲಲ್ಲ, ಅದರಿಂದ ಲಾಭವನ್ನೂ ಸುಖವನ್ನೂ ಪಡೆದವನ ಮೇಲೆ ಇದೆ. ಮೆದೆ ಒಟ್ಟುವುದಕ್ಕೋ ತೂರುವುದಕ್ಕೋ ಅದೇ ಕೈಗಳನ್ನು ಕರೆಯುವುದು, ಬದುವಿನ ಹುಲ್ಲನ್ನು ಅವರ ಹಸುವಿಗೆ ಬಿಡುವುದು, ಇವೆಲ್ಲ ಚಿಕ್ಕ ಸಂಗತಿಗಳೇ. ಆದರೆ ಋಣವು ತೀರುವುದು ಇಂತಹ ಚಿಕ್ಕ ಕಂತುಗಳಿಂದಲೇ.

ಇನ್ನು ಮನೆಯೊಳಗಣ ಸಂಗತಿಯೊಂದುಂಟು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೊಬ್ಬನು ಸುಗ್ಗಿಯ ಕಾಲಕ್ಕೆ ಊರಿಗೆ ಬಂದನೆಂದು ಊಹಿಸಿಕೊಳ್ಳಬಹುದು. ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿರುವ ಹಳೆಯ ಟ್ರಾಕ್ಟರನ್ನು ಕಂಡು ಅವನ ಮನಸ್ಸು ಅರಳುತ್ತದೆ. ತಾನೇ ನಡಸಬೇಕೆಂದು ಹಟ ಹಿಡಿಯುತ್ತಾನೆ; ನಾಲ್ಕು ಸಾಲು ಹೋಗಿಬಂದು, ಚಿತ್ರ ತೆಗೆದುಕೊಂಡು, ಬಿಸಿಲೇರುವ ಹೊತ್ತಿಗೆ ಇಳಿಯಲು ನೋಡುತ್ತಾನೆ. ತಂದೆಯು ಬದುವಿನ ಮೇಲೆ ನಿಂತು, “ಹತ್ತಿದವನು ಹೊಲ ಮುಗಿಸಿ ಇಳೀಬೇಕು ಕಣಪ್ಪ” ಎನ್ನುತ್ತಾನೆ. ಮುದುಕನ ಈ ಮಾತಿನಲ್ಲಿ ಕೋಪವಿಲ್ಲ. ಒಂದು ನೀತಿಶಾಸ್ತ್ರವೇ ಇದೆ. ಮೂವತ್ತು ವರ್ಷ ಆ ಪೀಠದ ಮೇಲೆ ಕುಳಿತವನಿಗೂ ಸುಖವು ತಿಳಿಯದೆ ಇಲ್ಲ. ಅವನ ಸುಖಕ್ಕೆ ಮಾತ್ರ ಬೆಳಗಿನ ಜಾವದಲ್ಲಿ ಎದ್ದು ಕೀಲುಗಳಿಗೆ ಗ್ರೀಸು ತುಂಬುವುದು, ಮೊಂಡಾದ ಅಲಗುಗಳನ್ನು ಒಂದೊಂದಾಗಿ ಸಾಣೆಹಿಡಿಯುವುದು, ಮುರಿದ ಬೆರಳನ್ನು ಕುಲುಮೆಗೆ ಒಯ್ಯುವುದು, ಸಾಲದ ಕಂತನ್ನು ಕಟ್ಟುವುದು, ಇವೆಲ್ಲ ಸೇರಿವೆ. ಮಗನ ಸುಖದಲ್ಲಿ ಪೀಠವೊಂದೇ ಇದೆ. ಹಿಂದೆ ಕುಡುಗೋಲಿಗೆ ಕಕ್ಕು ಹಾಕಿಸುವುದೂ ಕೊಯ್ಲಿನ ಭಾಗವೇ ಆಗಿದ್ದಿತು. ಕಕ್ಕು ಹಾಕಿಸದೆ ಕೊಯ್ಯಲು ಬಂದವನನ್ನು ಸಾಲಿನಲ್ಲಿ ಯಾರೂ ಗೌರವಿಸುತ್ತಿರಲಿಲ್ಲ. ಹಳೆಯ ಯಂತ್ರವನ್ನು ಪ್ರೀತಿಸುವವರಿಗೂ ಇದೇ ನಿಯಮ. ಅದರ ಓಟವನ್ನು ಮಾತ್ರ ಪ್ರೀತಿಸುವುದು ಪ್ರೀತಿಯಲ್ಲ. ಅದರ ಜಿಡ್ಡನ್ನೂ ಒಪ್ಪಿಕೊಂಡವನದು ಪ್ರೀತಿ. ಹೊರದೇಶಗಳ ವಿನೋದಿಗಳಲ್ಲಿ ಶ್ರೇಷ್ಠರಾದವರು ಬೇಸಗೆಯ ಒಂದು ದಿನದ ಕೊಯ್ಲಿಗಾಗಿ ಚಳಿಗಾಲವೆಲ್ಲ ತುಕ್ಕು ಉಜ್ಜುತ್ತ ಕಳೆಯುವರು. ಅವರ ಆಟವನ್ನು ಆಟವೆಂದು ಹಗುರವಾಗಿ ನೋಡಲಾಗದು.

ಬೂವನಹಳ್ಳಿಯ ಹೆಸರು ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಯ ಹೊರಗೂ ಕೇಳಿಬರುತ್ತಿರುವುದು ರಾಗಿಯಿಂದಲ್ಲ, ವಿಮಾನ ನಿಲ್ದಾಣದಿಂದ. ಅದಕ್ಕಾಗಿ ಇಲ್ಲಿಯ ಭೂಮಿಯು ಸ್ವಾಧೀನವಾಗಿದೆ. ನಾಡಿಗೆ ವಿಮಾನವು ಬೇಕೋ ಬೇಡವೋ ಎಂಬ ಚರ್ಚೆಯು ಇಲ್ಲಿ ಅಪ್ರಸ್ತುತ. ಆದರೆ ಕ್ರಮಬದ್ಧವಾದ ಯಾವ ವಿಮಾನ ನಿಲ್ದಾಣದಲ್ಲಿಯೂ ಓಟದ ಹಾದಿಯ ಇಕ್ಕೆಲದ ಹುಲ್ಲನ್ನು ಹದತಪ್ಪಿ ಬೆಳೆಯಲು ಬಿಡುವಂತಿಲ್ಲ. ಹುಲ್ಲು ಬೆಳೆದರೆ ಅದರಲ್ಲಿ ಇಲಿ ಹುಳುಗಳು ಸೇರುವುವು, ಅವನ್ನು ಅರಸಿ ಹಕ್ಕಿಗಳು ಬರುವುವು, ಹಕ್ಕಿಗಳಿಂದ ವಿಮಾನಕ್ಕೆ ಅಪಾಯ. ಆದುದರಿಂದ ಅಂತಹ ಬಯಲುಗಳಲ್ಲಿ ಟ್ರಾಕ್ಟರುಗಳು ಕಾಲಕಾಲಕ್ಕೆ ಹುಲ್ಲು ಕೊಯ್ಯುತ್ತಲೇ ಇರುವುವು. ಕೊಯ್ಯುವ ಕೈ ಒಂದೇ, ಅಲಗೂ ಒಂದೇ. ಆದರೆ ಕೊಯ್ಲಿನ ಉದ್ದೇಶವು ತಲೆಕೆಳಗಾಗಿದೆ. ಮೊದಲು ಹುಲ್ಲು ಬೇಕೆಂದು ಕೊಯ್ಯುತ್ತಿದ್ದರು. ಅಲ್ಲಿ ಹುಲ್ಲು ಬೇಡವೆಂದು ಕೊಯ್ಯುತ್ತಾರೆ. ಅಲ್ಲಿ ಯಂತ್ರವನ್ನು ನಡಸುವವನಿಗೂ ಸಾಲು ನೆಟ್ಟಗೆ ಬಂದುದನ್ನು ಕಂಡು ತೃಪ್ತಿಯಾದೀತು. ಆ ತೃಪ್ತಿಯನ್ನು ಅಲ್ಲಗಳೆಯುವ ಅಧಿಕಾರವು ಯಾರಿಗೂ ಇಲ್ಲ. ಪ್ರಾಣಾಪಾಯವನ್ನು ತಪ್ಪಿಸುವ ಕೆಲಸವು ಹೀನವಾದುದೂ ಅಲ್ಲ. ಆದರೂ ಹಸಿದ ಹಸುವು ಮೂಸದ ಕೊಯ್ಲು ಮತ್ತು ಅದು ಕಾದು ಕುಳಿತ ಕೊಯ್ಲು, ಇವೆರಡರ ಸುಖವು ಒಂದೇ ತೂಕದ್ದಲ್ಲವೆಂದು ಹಳ್ಳಿಯಲ್ಲಿ ಹುಟ್ಟಿದ ಯಾರ ಮನಸ್ಸಾದರೂ ಹೇಳುವುದು.

ಇಷ್ಟು ವಿಚಾರಮಾಡಿದಮೇಲೆ ಮೊದಲಿನ ಪ್ರಶ್ನೆಗೆ ಸಮಾಧಾನವನ್ನು ಹೇಳಬಹುದಾಗಿದೆ. ದುಡಿಮೆಯಲ್ಲಿ ಸುಖಪಡುವುದು ದೋಷವಲ್ಲ. ಸುಖವಿಲ್ಲದ ದುಡಿಮೆಯೇ ಪುಣ್ಯವೆಂಬುದು ಬರಿಯ ಭ್ರಾಂತಿ. ಯಂತ್ರವು ಸುಖವನ್ನು ಕೆಡಿಸುವುದೆಂಬುದೂ ಸತ್ಯವಲ್ಲ, ಕುಡುಗೋಲು ಅದನ್ನು ಕಾಪಾಡುವುದೆಂಬುದೂ ಸತ್ಯವಲ್ಲ. ಕೆಲಸವೊಂದರ ಸುಖದ ಪಾಲನ್ನು ತೆಗೆದುಕೊಳ್ಳುವವನು ಅದೇ ಕೆಲಸದ ಕಷ್ಟದ ಪಾಲನ್ನೂ ತೆಗೆದುಕೊಂಡಿರಬೇಕು ಎಂಬ ಒಂದೇ ನಿಯಮವು ಸಾಕು. ಹತ್ತಿದವನು ಹೊಲವನ್ನು ಮುಗಿಸಬೇಕು. ನಡಸುವವನು ಅಲಗನ್ನು ಮಸೆಯಬೇಕು. ಬಿಡುವನ್ನು ಪಡೆದವನು ಬಿಡುವಿಲ್ಲದವರ ಹೊರೆಗೆ ಒಂದು ಕೈ ಕೊಡಬೇಕು. ಈ ಮೂರನ್ನೂ ಮಾಡಿದವನು ಹೊಸ ಯಂತ್ರದ ಮೇಲಾದರೂ ಕುಳಿತಿರಲಿ, ಹಳೆಯ ಯಂತ್ರದ ಮೇಲಾದರೂ ಕುಳಿತಿರಲಿ, ಬರಿಗಾಲಿನಲ್ಲಿ ಬಗ್ಗಿ ಕೊಯ್ಯುತ್ತಿರಲಿ, ಅವನ ಸುಖಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಮಾಡದವನ ಸುಖವು ಕಡ ತಂದ ಒಡವೆಯಂತೆ. ತೊಟ್ಟಾಗ ಚೆಲುವಾಗಿಯೇ ಕಾಣುವುದು, ಆದರೆ ಹಿಂದಕ್ಕೆ ಕೊಡುವ ದಿನವೊಂದು ಅದಕ್ಕೆ ಇದ್ದೇ ಇರುವುದು.